ಡೆಬಿಯನ್ ಜೊತೆ ಒಂಬತ್ತು ವರ್ಷ: ‘ಫ್ರೀ ಅಂದ್ರ ಏನ್ರಿ?’ ಅಂತ ಕೇಳುವವರಿಗೆ

ಬ್ಯಾಡಗಿ ಕಡೆಯ ಒಂದು ಊರಿನ ಬಸ್‌ಸ್ಟ್ಯಾಂಡ್ ಎದುರಿಗೆ ನನ್ನ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. 2016ರ ಮಳೆಗಾಲದಿಂದ ಅಲ್ಲಿನ ಎರಡೂ ಕಂಪ್ಯೂಟರಿನಲ್ಲಿ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ ಹಾಕಿಕೊಂಡಿದ್ದೇನೆ. ಮೊದಲು ಹಾಕಿದ್ದು 8ನೇ ಆವೃತ್ತಿ ಜೆಸ್ಸಿ. ದೊಡ್ಡ ಮಷೀನನ್ನು ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿಸುತ್ತಾ 2025ರಲ್ಲಿ 13ನೇ ಆವೃತ್ತಿ ಟ್ರಿಕ್ಸಿಗೆ ತಂದೆ. ನಡುವೆ ಒಮ್ಮೆಯೂ ಎಲ್ಲ ಅಳಿಸಿ ಹೊಸದಾಗಿ ಹಾಕುವ ಪ್ರಸಂಗ ಬರಲಿಲ್ಲ. ಪರೀಕ್ಷೆ ಅರ್ಜಿ ತುಂಬುವ ಸೀಸನ್ನಿನಲ್ಲಿ ಬಾಗಿಲ ತನಕ ಸಾಲು ನಿಂತಿರುವಾಗ ಈ ಮಷೀನು ಕೈಕೊಟ್ಟಿಲ್ಲ. ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಆದರೆ ನಾನು ಹೇಳಬೇಕಾದ್ದು ಬೇರೆ ಇದೆ. ಪರದೆ ನೋಡಿದವರೆಲ್ಲ ಇದು ಯಾವುದು ಅಂತ ಕೇಳುತ್ತಾರೆ. ಶುರುವಿನಲ್ಲಿ ನಾನು ‘ಫ್ರೀ ಸಾಫ್ಟ್‌ವೇರ್’ ಅನ್ನುತ್ತಿದ್ದೆ. ಪಿಯುಸಿ ಓದುವ ಹುಡುಗನೊಬ್ಬ ಕೂಡಲೇ ಕೇಳಿದ: “ಅಂದ್ರ ಕ್ರ್ಯಾಕ್ ಹಾಕಿದ್ದೇನ್ರಿ ಅಣ್ಣಾ?”

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಊರುಗಳಲ್ಲಿ ಸಾಫ್ಟ್‌ವೇರಿಗೆ ದುಡ್ಡು ಕೊಟ್ಟವರು ಎಷ್ಟು ಜನ? ರಿಪೇರಿ ಅಂಗಡಿಯವರು ಕದ್ದ ಪ್ರತಿಯನ್ನೇ ಹಾಕಿಕೊಡುವಾಗ ‘ಉಚಿತ’ ಅನ್ನುವ ಮಾತಿನಲ್ಲಿ ವಿಶೇಷವೇನೂ ಉಳಿಯುವುದಿಲ್ಲ. ಅವತ್ತಿನಿಂದ ನಾನು ಬೆಲೆಯ ಮಾತನ್ನೇ ಬಿಟ್ಟೆ. “ಅಲ್ಲಪಾ, ಮಾಡಿದವ್ರೇ ಹಂಚಿಕೋ ಅಂತ ಬರೆದು ಕೊಟ್ಟಾರ. ನೀನು ಒಯ್ದು ಹತ್ತು ಮಂದಿಗೆ ಕೊಟ್ರೂ ಕಳ್ಳತನ ಅಲ್ಲ” ಅನ್ನುತ್ತೇನೆ. ಆಗ ಮುಖದಲ್ಲಿ ಏನೋ ಬದಲಾಗುತ್ತದೆ.

ಇಂಗ್ಲಿಷಿನ ‘ಫ್ರೀ’ ಎರಡರ್ಥದ ಪದ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಅನ್ನುವ ಸ್ವತಂತ್ರ ತಂತ್ರಾಂಶದ ಯೋಜನೆ ಸಾರಿದಾಗಿನಿಂದ ಆ ಭಾಷೆಯವರು ಅದನ್ನು ಬಿಡಿಸಿ ಹೇಳುತ್ತಲೇ ಇದ್ದಾರೆ. ನಮಗೆ ಆ ತೊಡಕೇ ಇಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಹೀಗಿದ್ದೂ ಕನ್ನಡದಲ್ಲಿ ‘ಉಚಿತ ತಂತ್ರಾಂಶ’ ಅಂತ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೆಣಸಿನಕಾಯಿ ಬೆಳೆಯುವವರಿಗೆ ನಾನು ಜವಾರಿ ಬೀಜದ ಮಾತು ಹೇಳುತ್ತೇನೆ. ಒಳ್ಳೆಯ ಕಾಯಿ ಆರಿಸಿ ಬೀಜ ಎತ್ತಿಡುತ್ತೀರಿ, ಯಾವ ಹೊಲಕ್ಕಾದರೂ ಹಾಕುತ್ತೀರಿ, ಪಕ್ಕದವರು ಕೇಳಿದರೆ ಕೊಡುತ್ತೀರಿ, ವರ್ಷ ವರ್ಷ ಆರಿಸಿ ಆರಿಸಿ ಸುಧಾರಿಸಿದ ತಳಿಯನ್ನೂ ಹಂಚುತ್ತೀರಿ. ಹೈಬ್ರಿಡ್ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬರುವುದಿಲ್ಲ, ಮತ್ತೆ ಅಂಗಡಿಗೇ ಹೋಗಬೇಕು. ಬಳಸುವುದು, ಒಳಗೇನಿದೆ ನೋಡಿ ತಿದ್ದುವುದು, ನಕಲು ಹಂಚುವುದು, ತಿದ್ದಿದ್ದನ್ನೂ ಹಂಚುವುದು: ಸ್ವತಂತ್ರ ತಂತ್ರಾಂಶದ ನಾಲ್ಕು ಹಕ್ಕುಗಳೂ ಇಷ್ಟರಲ್ಲೇ ಬಂದುಬಿಡುತ್ತವೆ. ಜವಾರಿ ಬೀಜವನ್ನು ಮಾರಬಾರದು ಅಂತ ಯಾರೂ ಹೇಳಿಲ್ಲ. ಡೆಬಿಯನ್ ಹಾಕಿಕೊಡಲು ನಾನೂ 200 ರೂಪಾಯಿ ತಗೊಳ್ಳುತ್ತೇನೆ.

ಡೆಬಿಯನ್ ಶುರುವಾದದ್ದು 1993ರಲ್ಲಿ, ಇಯಾನ್ ಮರ್ಡಾಕ್ ಅವರಿಂದ. ಅದರ ಹಿಂದೆ ಕಂಪನಿ ಇಲ್ಲ, ಸ್ವಯಂಸೇವಕರಿದ್ದಾರೆ. 1997ರಲ್ಲಿ ಅವರು ಬಳಕೆದಾರರಿಗೆ ‘ಸಾಮಾಜಿಕ ಒಪ್ಪಂದ’ ಅಂತ ಒಂದು ಮಾತು ಕೊಟ್ಟರು. ಯಾವುದು ಸ್ವತಂತ್ರ, ಯಾವುದು ಅಲ್ಲ ಅಂತ ಅಳೆಯಲು ಅದರ ಜೊತೆಗಿಟ್ಟ ಮಾರ್ಗಸೂಚಿಯೇ ಮರುವರ್ಷ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶದ ವ್ಯಾಖ್ಯೆಗೂ ಮೂಲವಾಯಿತು. ಒಪ್ಪಂದದಲ್ಲಿ ನನಗೆ ಬಲು ಇಷ್ಟವಾದದ್ದು, ದೋಷಗಳನ್ನು ಮುಚ್ಚಿಡುವುದಿಲ್ಲ ಅನ್ನುವ ಕಲಮು. ಯಾರು ಏನು ದೂರು ಕೊಟ್ಟರೂ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತದೆ. ಹೊಸಬರಿಗೆ ನಾನು ಇದನ್ನೇ ಮೊದಲು ತೋರಿಸುತ್ತೇನೆ.

ಸ್ವತಂತ್ರವಾದದ್ದನ್ನೇ ಕೊಡುತ್ತೇವೆ ಅನ್ನುವ ಹಟಕ್ಕೆ ಬೆಲೆಯೂ ಇತ್ತು. 2016ರಲ್ಲಿ ಲ್ಯಾಪ್‌ಟಾಪಿಗೆ ಹಾಕಲು ಹೋದಾಗ ವೈಫೈ ಬರಲೇ ಇಲ್ಲ. ಆ ಚಿಪ್ ತಯಾರಿಸಿದವರು ಅದನ್ನು ನಡೆಸುವ ಪುಟ್ಟ ತಂತ್ರಾಂಶದ, ಅಂದರೆ ಫರ್ಮ್‌ವೇರಿನ ಒಳಗುಟ್ಟು ಬಿಟ್ಟುಕೊಟ್ಟಿರಲಿಲ್ಲ, ಸ್ವತಂತ್ರವಲ್ಲದ್ದನ್ನು ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರಿನಲ್ಲಿ ಸೇರಿಸುತ್ತಿರಲಿಲ್ಲ. ಕಡೆಗೆ ಫೋನನ್ನು ಕೇಬಲ್ಲಿನಲ್ಲಿ ಜೋಡಿಸಿ, ಅದರ ನೆಟ್‌ನಿಂದ ಫರ್ಮ್‌ವೇರ್ ಇಳಿಸಿಕೊಂಡೆ. ಆ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. 2022ರಲ್ಲಿ ಡೆಬಿಯನ್ನಿನವರು ಮತ ಹಾಕಿ ಒಪ್ಪಂದವನ್ನೇ ತಿದ್ದಿದರು. 2023ರ 12ನೇ ಆವೃತ್ತಿ ಬುಕ್‌ವರ್ಮ್‌ನಿಂದ ಅಂಥ ಫರ್ಮ್‌ವೇರ್ ಇನ್‌ಸ್ಟಾಲರಿನಲ್ಲೇ ಬರುತ್ತದೆ. ತತ್ವ ಸಡಿಲವಾಯಿತು ಅಂತ ಕೆಲವರು ನೊಂದುಕೊಂಡರೂ ನಾನು ಆ ತೀರ್ಮಾನದ ಪರ. ಬಾಗಿಲಲ್ಲೇ ಎಡವಿದವನಿಗೆ ಒಳಗಿನ ಸ್ವಾತಂತ್ರ್ಯ ತೋರಿಸುವುದು ಹೇಗೆ?

ಕನ್ನಡದ ಮಟ್ಟಿಗೆ ಹೇಳುವುದಾದರೆ, ಇನ್‌ಸ್ಟಾಲರ್ ಕನ್ನಡದಲ್ಲಿದೆ. ಗುಬ್ಬಿ, ನವಿಲು ಫಾಂಟುಗಳು ಒಂದು ಆಜ್ಞೆಯಲ್ಲಿ ಬರುತ್ತವೆ. ಟೈಪಿಂಗಿಗೆ ನೆರವಾಗುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಸಿಗುವುದರಿಂದ ‘ನುಡಿ’ ತಂತ್ರಾಂಶಕ್ಕೆ ಒಗ್ಗಿದ ಬೆರಳುಗಳು ತಡವರಿಸುವುದಿಲ್ಲ. ತೊಂದರೆ ಇರುವುದು ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತರುವ ಯೂನಿಕೋಡಿಗಿಂತ ಹಿಂದಿನ ಪದ್ಧತಿಯ ಹಳೆ ಆಸ್ಕಿ ಫಾಂಟಿನ ಫೈಲುಗಳಲ್ಲಿ. ಆ ಫಾಂಟಿಲ್ಲದಿದ್ದರೆ ಕರಾರುಪತ್ರವೆಲ್ಲ ಗೊಜಲು ಗೊಜಲಾಗಿ ಕಾಣುತ್ತದೆ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡರೂ ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಿಟ್ಟು ನೋಡಲೇಬೇಕು. ಮದುವೆ ಪತ್ರಿಕೆಗೆ ಇಂಕ್‌ಸ್ಕೇಪ್, ಉಳಿದದ್ದಕ್ಕೆ ಲಿಬ್ರೆಆಫೀಸ್ ನನಗೆ ಸಾಕು. ಆದರೆ ಡೆಬಿಯನ್ ಹೊಸಬರಿಗಾಗಿ ಬರೆದಿಟ್ಟಿರುವ ಪರಿಚಯ ಕನ್ನಡದಲ್ಲಿಲ್ಲ. ಒಪ್ಪಂದದ ಐದೂ ಕಲಮುಗಳನ್ನು ನಾನೇ ಕನ್ನಡಕ್ಕಿಳಿಸಿ, ಎ4 ಹಾಳೆಯಲ್ಲಿ ಪ್ರಿಂಟ್ ಹಾಕಿ ಕೌಂಟರಿನ ಗಾಜಿನಡಿ ಇಟ್ಟಿದ್ದೇನೆ. ಜೆರಾಕ್ಸ್ ಆಗುವ ತನಕ ಜನ ಅದನ್ನು ಓದುತ್ತಾರೆ.

ಎಲ್ಲದರಲ್ಲೂ ಹೊಚ್ಚಹೊಸದೇ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ಹೊಸ ಆವೃತ್ತಿ ಬರುವುದು ಸುಮಾರು ಎರಡು ವರ್ಷಕ್ಕೊಮ್ಮೆ, ಅಲ್ಲಿಯ ತನಕ ಮುಖ್ಯವಾಗಿ ಭದ್ರತೆಯ ಮತ್ತು ದೋಷಗಳ ತಿದ್ದುಪಡಿ ಮಾತ್ರ.

ನನ್ನ ಎರಡನೇ ಮಷೀನು ಹಳೆ ಥರದ 32 ಬಿಟ್ ಪ್ರೊಸೆಸರಿನದು. ಟ್ರಿಕ್ಸಿಯಲ್ಲಿ ಅಂಥವುಗಳಿಗೆ ಇನ್‌ಸ್ಟಾಲರೂ ಇಲ್ಲ, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಇಲ್ಲ. ಹಾಗಾಗಿ ಅದು ಬುಕ್‌ವರ್ಮ್‌ನಲ್ಲೇ ನಿಂತಿದೆ. ಬುಕ್‌ವರ್ಮ್‌ನ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ. ಕ್ರ್ಯಾಕ್ ಅಂತ ಕೇಳಿದ್ದ ಆ ಹುಡುಗ ಈಗ ರಜೆಗೆ ಬಂದಾಗ ಅದರ ಮುಂದೆಯೇ ಕೂರುತ್ತಾನೆ. ಹೋದ ತಿಂಗಳು ತನ್ನ ತಂಗಿಗಂತ ಒಂದು ಪ್ರತಿ ಒಯ್ದ.