ಬಿಪಿ ಮೆಷಿನ್ ಕೊಳ್ಳುವ ಮುಂಚೆ ತೋಳಿನ ಅಳತೆ ತೆಗೆದುಕೊಳ್ಳಿ

ತಿಪಟೂರಿನಲ್ಲಿ ನನ್ನದು ಚಿಕ್ಕ ಟೈಲರಿಂಗ್ ಅಂಗಡಿ. ಬ್ಲೌಸು, ಸೀರೆ ಫಾಲ್ಸು, ಮಕ್ಕಳ ಯೂನಿಫಾರ್ಮು. ಎರಡನೇ ಬಸಿರಿನಲ್ಲಿ ಆರು ತಿಂಗಳಿಗೂ ಜಾಸ್ತಿ ಕಾಲ ಮನೆಯಲ್ಲೇ ಬಿಪಿ ನೋಡಿಕೊಂಡೆ. ಆಗ ಕೊಂಡ ಎರಡು ಮೆಷಿನ್‌ಗಳ ಬಗ್ಗೆ ಈ ಬರಹ. ಕಂಪನಿ ಹೆಸರು ಬೇಕಂತಲೇ ಹಾಕಿಲ್ಲ. ಒಂದೇ ಕಂಪನಿಯ ಒಂದು ಮಾಡೆಲನ್ನು ಗರ್ಭಿಣಿಯರ ಮೇಲೆ ಪರೀಕ್ಷೆ ಮಾಡಿರುತ್ತಾರೆ, ಇನ್ನೊಂದನ್ನು ಮಾಡಿರುವುದಿಲ್ಲ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ಮಾಡೆಲ್ ಯಾವುದು ಅಂತ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಮೆಷಿನ್ ಯಾಕೆ ಬೇಕಾಯಿತು ಅಂತ ಮೊದಲು ಹೇಳಬೇಕು. ಮೊದಲ ಬಸಿರಿನಲ್ಲಿ ನನಗೆ ಪ್ರಿ-ಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಮೈಗೆಲ್ಲ ತೊಂದರೆ ಮಾಡುವ ಕಾಯಿಲೆ ಆಗಿತ್ತು. ಹಿರಿಯರು ಇದನ್ನು ನಂಜು ಅನ್ನುತ್ತಾರೆ. ಎಂಟನೇ ತಿಂಗಳಲ್ಲಿ ಎರಡೇ ದಿನಕ್ಕೆ ಮುಖ ಊದಿತು. ಬಳೆ ಸೋಪು ಹಚ್ಚಿದರೂ ಜಾರಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಕಣ್ಣ ಮುಂದೆ ಮಿಣುಕು ಮಿಣುಕು. ತಲೆನೋವು ಬಿಡುತ್ತಲೇ ಇರಲಿಲ್ಲ. ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡ ಹಾಗೆ ನೋವು. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದೆ. ಆಸ್ಪತ್ರೆಗೆ ಹೋದಾಗ ಬಿಪಿ 170/112. ಫಿಟ್ಸ್ ಬರದಿರಲಿ ಅಂತ ಮ್ಯಾಗ್ನೀಷಿಯಂ ಸಲ್ಫೇಟ್ ಕೊಟ್ಟರು. ಅದು ಮೈಗೆ ಇಳಿಯುವಾಗ ಒಳಗಿನಿಂದ ಕಾದ ಹಾಗೆ ಬಿಸಿ. ಅದೇ ರಾತ್ರಿ ಸಿಸೇರಿಯನ್ ಆಯಿತು. ಮಗಳು ಬರೀ 1.8 ಕೆಜಿ.

ಎರಡನೇ ಸಲ ನಿಂತಾಗ ಡಾಕ್ಟರ್ ಮೇಡಂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಾಯಿಲೆಯ ಮೂಲ ಇರುವುದು ಮಾಸಿನಲ್ಲಿ. ಮಾಸಿಗೆ ರಕ್ತ ತರುವ ನಾಳಗಳು ಅಗಲವಾಗಬೇಕಾದಷ್ಟು ಆಗುವುದಿಲ್ಲ. ಆಗ ಮಾಸು ಬಿಡುವ ಕೆಲವು ಅಂಶಗಳು ತಾಯಿಯ ರಕ್ತದಲ್ಲಿ ಸೇರಿ ರಕ್ತನಾಳ, ಕಿಡ್ನಿ, ಲಿವರ್ ಎಲ್ಲಕ್ಕೂ ತೊಂದರೆ ಮಾಡುತ್ತವೆ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಬಿಪಿ ಏರಿ ಗೊತ್ತಾಗುತ್ತದೆ. ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ. ನನ್ನ ಚಿಕ್ಕಮ್ಮ ಉಪ್ಪು ಬಿಟ್ಟುಬಿಡು ಅಂದಿದ್ದರು. ಉಪ್ಪು ಬಿಟ್ಟರೆ ಇದು ತಪ್ಪುವುದಿಲ್ಲ ಅಂದರು ಮೇಡಂ. 12 ವಾರಕ್ಕೆ ಆಸ್ಪಿರಿನ್ 150 ಮಿಲಿಗ್ರಾಂ ಶುರು ಮಾಡಿದರು, ದಿನಾ ರಾತ್ರಿ ಒಂದು, 36 ವಾರದವರೆಗೆ. ಜೊತೆಗೆ ಕ್ಯಾಲ್ಸಿಯಂ. ಆಮೇಲೆ, "ಮನೇಲಿ ಒಂದು ಬಿಪಿ ಮೆಷಿನ್ ಇಟ್ಕೊಳ್ಳಮ್ಮ" ಅಂದರು.

ನಮ್ಮನೆಯವರು ಆನ್‌ಲೈನ್‌ನಲ್ಲಿ ಮಣಿಕಟ್ಟಿಗೆ ಕಟ್ಟುವಂಥದ್ದು ತರಿಸಿದರು. ಚಿಕ್ಕದು, ನೋಡೋಕೆ ಚೆಂದ. ಆದರೆ ಹತ್ತು ನಿಮಿಷದಲ್ಲಿ ಮೂರು ಸಲ ನೋಡಿದರೆ ಮೇಲಿನ ನಂಬರ್ 118, 134, 109. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ಬದಲಾಗುತ್ತದೆ. ಗರ್ಭಿಣಿಯರು ಇದನ್ನು ಕೊಳ್ಳಲೇಬೇಡಿ.

ಆಮೇಲೆ ಮೆಡಿಕಲ್ ಸ್ಟೋರಿನಿಂದ ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ತಂದೆವು, ಎರಡು ಸಾವಿರದ ಹತ್ತಿರ ಆಯಿತು. ಮೊದಲ ದಿನವೇ 150/96. ಕೈಕಾಲು ತಣ್ಣಗಾಯಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆ. ಅಲ್ಲಿ ಸಿಸ್ಟರ್ ದೊಡ್ಡ ಪಟ್ಟಿ ಸುತ್ತಿ ನೋಡಿದರೆ 126/80! ಅವರು ನನ್ನ ಮೆಷಿನ್ನಿನ ಪಟ್ಟಿಯನ್ನು ತಿರುಗಿಸಿ ತೋರಿಸಿದರು. ಅಂಚಿನಲ್ಲಿ ಸಣ್ಣಕ್ಷರದಲ್ಲಿ 22-32 ಸೆಂ.ಮೀ. ಅಂತ ಇತ್ತು.

ನನ್ನ ಕೊರಳಲ್ಲಿ ಟೇಪು ಇತ್ತು, ಅಂಗಡಿಯಿಂದ ಹಾಗೇ ಬಂದಿದ್ದೆ. ಬ್ಲೌಸಿನ ತೋಳಿಗೆ ಅಳತೆ ತೆಗೆಯುವ ಹಾಗೆ ಭುಜಕ್ಕೂ ಮೊಣಕೈಗೂ ಮಧ್ಯದಲ್ಲಿ ಟೇಪು ಸುತ್ತಿದೆ. ಹದಿಮೂರೂವರೆ ಇಂಚು. ಅಂದರೆ 34 ಸೆಂ.ಮೀ. ದಾಟಿತು. ಇಷ್ಟು ವರ್ಷ ಊರಿನ ಹೆಂಗಸರ ತೋಳೆಲ್ಲ ಅಳೆದಿದ್ದೇನೆ, ಹದಿಮೂರು ಇಂಚಿನ ಮೇಲಿನವರು ಎಷ್ಟೊಂದು ಜನ ಇದ್ದಾರೆ! ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದಿದ್ದರೂ ಜಾಸ್ತಿ ತೋರಿಸುತ್ತದೆ. ಡಬ್ಬಿಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಅಂಗಡಿಯವರೂ ಕೇಳಿ ಕೊಡಬೇಕು ಅಲ್ವಾ? ದೊಡ್ಡ ಪಟ್ಟಿಯನ್ನು ಬೇರೆ ದುಡ್ಡು ಕೊಟ್ಟು ತರಿಸಿದೆ. ಮಾಡೆಲ್ಲಿಗೆ ಹೊಂದುವುದನ್ನೇ ತರಿಸಬೇಕು, ಯಾವುದೋ ಪಟ್ಟಿ ಸಿಕ್ಕಿಸಿದರೆ ಆಗುವುದಿಲ್ಲ.

ಪಟ್ಟಿ ಬದಲಾದ ಮೇಲೆ ಮೆಷಿನ್ ಚೆನ್ನಾಗಿ ಕೆಲಸ ಮಾಡಿತು. ತಿಂಗಳ ಚೆಕಪ್ಪಿಗೆ ಹೋದಾಗಲೆಲ್ಲ ಅವರ ಪಾದರಸದ ಮೆಷಿನ್ ಜೊತೆ ಹೋಲಿಸಿ ನೋಡುತ್ತಿದ್ದರು. ಇದು ಬೇಕೇ ಬೇಕು. ಈ ಕಾಯಿಲೆ ಬಂದಾಗ ಕೆಲವು ಡಿಜಿಟಲ್ ಮೆಷಿನ್‌ಗಳು ನಿಜಕ್ಕಿಂತ ಕಡಿಮೆಯೇ ತೋರಿಸುತ್ತವಂತೆ. ಬ್ಯಾಟರಿ ಮಾತ್ರ ಬೇಗ ಮುಗಿಯುತ್ತದೆ, ಅಡಾಪ್ಟರ್ ತೆಗೆದುಕೊಳ್ಳಿ.

ನೋಡುವ ಕ್ರಮವೂ ಮುಖ್ಯ. ಹೊಲಿಗೆ ಮೆಷಿನ್ ತುಳಿದು ಎದ್ದ ತಕ್ಷಣ ಕಟ್ಟಿಕೊಂಡರೆ ನಂಬರ್ ಸುಳ್ಳಾಗುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ, ಐದು ನಿಮಿಷ ಸುಮ್ನೆ ಕೂರಬೇಕು. ತೋಳು ಎದೆಯ ಮಟ್ಟಕ್ಕೆ ಇರಬೇಕು. ನಾನು ಬಟ್ಟೆ ಮಡಚಿಟ್ಟು ಅದರ ಮೇಲೆ ಕೈ ಇಡುತ್ತಿದ್ದೆ. ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆದಿಡಬೇಕು. ನನ್ನ ಅಳತೆ ಪುಸ್ತಕದಲ್ಲಿ ಎಡಗಡೆ ಗಿರಾಕಿಗಳ ಎದೆ, ಸೊಂಟ, ತೋಳು, ಬಲಗಡೆ ನನ್ನ ಬಿಪಿ.

35ನೇ ವಾರದಲ್ಲಿ ಒಂದು ಬೆಳಗ್ಗೆ 142/92 ಬಂತು. ಊತ ಇಲ್ಲ, ತಲೆನೋವು ಇಲ್ಲ, ಏನೂ ಇಲ್ಲ. ನಾಲ್ಕು ಗಂಟೆ ಬಿಟ್ಟು ನೋಡಿದರೆ 146/94. 140/90 ದಾಟಿದರೆ ಬನ್ನಿ ಅಂದಿದ್ದರು, ಹೋದೆ. ಮೂತ್ರದಲ್ಲಿ ಅಲ್ಬುಮಿನ್ ಅನ್ನುವ ಪ್ರೋಟೀನ್ ಎರಡು ಪ್ಲಸ್, ಈ ಕಾಯಿಲೆಯ ಗುರುತು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು, ಲ್ಯಾಬೆಟಲಾಲ್ ಮಾತ್ರೆ ಶುರುವಾಯಿತು. ಮಾತ್ರೆ ಬಿಪಿಯನ್ನು ಹಿಡಿದಿಡುತ್ತದೆ ಅಷ್ಟೆ, ಕಾಯಿಲೆ ಇಳಿಯಬೇಕಾದರೆ ಹೆರಿಗೆಯೇ ಆಗಬೇಕು. 37 ವಾರ ತುಂಬಿದ ಕೂಡಲೇ ಹೆರಿಗೆ ಮಾಡಿಸಿದರು. ಮಗ 2.6 ಕೆಜಿ. ಈ ಸಲ ಮಗು ಹುಟ್ಟಿದ ತಕ್ಷಣ ಎದೆ ಮೇಲೆ ಹಾಕಿದರು. ಮೊದಲ ಸಲ ಮಗಳ ಮುಖ ನೋಡಲು ನಾನು ಎರಡು ದಿನ ಕಾದಿದ್ದೆ.

ಕೊಟ್ಟ ದುಡ್ಡು ನಿಜವಾಗಿ ಸಾರ್ಥಕವಾಗಿದ್ದು ಅದಾದ ಮೇಲೆ. ಹೆರಿಗೆ ಆಯಿತು, ಮಾಸು ಬಿತ್ತು, ಇನ್ನೇನು ಅಂತ ಮನೆಯವರೆಲ್ಲ ನಿರಾಳ. ಐದನೇ ದಿನ ಬಾಣಂತಿ ಕೋಣೆಯಲ್ಲಿ ಮಲಗಿದ್ದಾಗ ತಲೆ ಸಿಡಿಯತೊಡಗಿತು. ಅತ್ತೆ ಗಾಳಿ ತಾಗಿದೆ ಅಂತ ಕಿವಿಗೆ ಹತ್ತಿ ಇಟ್ಟು ಬಿಗಿಯಾಗಿ ಸ್ಕಾರ್ಫ್ ಕಟ್ಟಿದರು. ನಾನು ಮೆಷಿನ್ ಕೇಳಿದೆ. 162/104. ಮತ್ತೆ ನೋಡಿದೆ, 164/106. ಆ ನಂಬರ್ ನೋಡಿ ಅತ್ತೆಯೇ, "ಬಾಣಂತಿ ಆಚೆ ಹೋಗಬಾರದು ಅನ್ನೋದೆಲ್ಲ ಆಮೇಲೆ, ಮೊದಲು ಗಾಡಿಗೆ ಹೇಳು" ಅಂದರು. ಹೆರಿಗೆಯಾದ ಮೂರರಿಂದ ಆರನೇ ದಿನದೊಳಗೆ ಬಿಪಿ ಜಾಸ್ತಿ ಏರುತ್ತದೆ, ಫಿಟ್ಸ್ ಹೆರಿಗೆಯ ನಂತರವೂ ಬರಬಹುದು ಅಂತ ಆಸ್ಪತ್ರೆಯಲ್ಲಿ ಹೇಳಿದರು. ಮತ್ತೆ ಮ್ಯಾಗ್ನೀಷಿಯಂ, ಮಾತ್ರೆ, ಮೂರು ದಿನ ವಾರ್ಡು. ಆರು ವಾರಕ್ಕೆ ಮಾತ್ರೆ ನಿಂತಿತು. ಮೆಷಿನ್ ಇಲ್ಲದವರು ನಂಬರ್ ಗೊತ್ತಾಗಲಿ ಅಂತ ಕಾಯಬೇಡಿ. ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆ ನೋವು, ಉಸಿರು ಕಟ್ಟುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಮೆಷಿನ್ ಇದ್ದು ನಂಬರ್ ಸರಿ ಬಂದರೂ ಹೋಗಿ ತೋರಿಸಿ.

ಮೆಷಿನ್ ಈಗ ನನ್ನ ಓರಗಿತ್ತಿಯ ಮನೆಯಲ್ಲಿದೆ. ಅವಳಿಗೆ ಐದನೇ ತಿಂಗಳು. ಕೊಡುವ ಮುಂಚೆ ಟೇಪು ಸುತ್ತಿ ನೋಡಿದೆ, ಹತ್ತೂ ಮುಕ್ಕಾಲು ಇಂಚು. ದೊಡ್ಡ ಪಟ್ಟಿ ಬಿಚ್ಚಿಟ್ಟುಕೊಂಡು, ಡಬ್ಬಿಯಲ್ಲಿ ಬಂದಿದ್ದ ಚಿಕ್ಕದನ್ನೇ ಸಿಕ್ಕಿಸಿ ಕಳಿಸಿದ್ದೇನೆ.