ಬ್ರೇಕಿಗೂ ಕ್ಲಚ್ಚಿಗೂ ಒಂದೇ ಬೆರಳು: ಕಂಟ್ರೋಲರ್‌ನಲ್ಲಿ ಮ್ಯಾನ್ಯುಯಲ್ ಗೇರ್, ವರ್ಷದ ಬಳಕೆಯ ನಂತರ

ಫೋರ್ಜಾ ಹೊರೈಜನ್ 5 ಅನ್ನುವ ಕಾರ್ ರೇಸಿಂಗ್ ಆಟದ ಡಿಫಿಕಲ್ಟಿ ಸೆಟ್ಟಿಂಗ್‌ನಲ್ಲಿ ಶಿಫ್ಟಿಂಗ್ ಅಂತ ಒಂದು ಸಾಲಿದೆ. ಅದರಲ್ಲಿ ಮೂರು ಆಯ್ಕೆ: ಆಟೊಮ್ಯಾಟಿಕ್, ಮ್ಯಾನ್ಯುಯಲ್, ಮ್ಯಾನ್ಯುಯಲ್ ವಿತ್ ಕ್ಲಚ್. ನಾನು ಬರೆಯುತ್ತಿರುವುದು ಆ ಮೂರನೆಯದರ ಬಗ್ಗೆ ಮಾತ್ರ. ಗ್ರಾಫಿಕ್ಸ್ ಹೇಗಿದೆ, ಮೆಕ್ಸಿಕೋದ ಮ್ಯಾಪ್ ಎಷ್ಟು ದೊಡ್ಡದು, ಯಾವ ಯಾವ ಕಾರು ಸಿಗುತ್ತದೆ ಅನ್ನುವುದನ್ನೆಲ್ಲ 2021ರಿಂದ ಬೇಕಾದಷ್ಟು ಜನ ಹೇಳಿ ಮುಗಿಸಿದ್ದಾರೆ. ನಾನು ಪಿಸಿಯಲ್ಲಿ ಮಾಮೂಲಿ ಕಂಟ್ರೋಲರ್ ಹಿಡಿದು ಆಡುವವನು. ಸ್ಟಿಯರಿಂಗ್ ವೀಲ್ ಇಲ್ಲ, ಇಡುವುದಕ್ಕೆ ಟೇಬಲ್ಲೂ ಇಲ್ಲ. ಲಾಜಿಟೆಕ್ ಜಿ29 ತಗೊಂಡರೆ ಕ್ಲಚ್ ಸೇರಿ ಮೂರು ಪೆಡಲ್ ಬರುತ್ತದೆ, ಆದರೆ ಗೇರ್ ಹಾಕುವ ಶಿಫ್ಟರ್ ಬೇರೆ ಕೊಳ್ಳಬೇಕು. ಎರಡನ್ನೂ ಕಾರ್ಟ್‌ಗೆ ಹಾಕಿ, ಮೊತ್ತ ನೋಡಿ, ಟ್ಯಾಬ್ ಮುಚ್ಚಿದೆ. ಹಾಗಾಗಿ ಇದು ಎರಡು ಹೆಬ್ಬೆರಳು, ಎರಡು ತೋರುಬೆರಳಿನ ಕಥೆ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಆಟ ಕೊಡುವ ಬಟನ್ ವ್ಯವಸ್ಥೆ ಹೀಗಿದೆ: ಬಲಗಡೆ ಟ್ರಿಗರ್ ಆಕ್ಸಿಲರೇಟರ್, ಎಡಗಡೆ ಟ್ರಿಗರ್ ಬ್ರೇಕ್, ಬಿ ಒತ್ತಿದರೆ ಗೇರ್ ಮೇಲಕ್ಕೆ, ಎಕ್ಸ್ ಒತ್ತಿದರೆ ಕೆಳಕ್ಕೆ, ಎ ಹ್ಯಾಂಡ್‌ಬ್ರೇಕ್. ಕ್ಲಚ್ ಇರುವುದು ಎಲ್‌ಬಿಯಲ್ಲಿ, ಅಂದರೆ ಎಡ ಟ್ರಿಗರಿನ ನೆತ್ತಿಯ ಮೇಲಿರುವ ಬಂಪರ್‌ನಲ್ಲಿ. ನೇರ ರಸ್ತೆಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಆಗ ಎಡ ತೋರುಬೆರಳಿಗೆ ಬೇರೆ ಕೆಲಸ ಇರುವುದಿಲ್ಲ, ಆರಾಮಾಗಿ ಕ್ಲಚ್ ಒತ್ತುತ್ತದೆ. ತಿರುವು ಬಂತೋ, ಕಥೆ ಮುಗೀತು. ಬ್ರೇಕ್ ಹಿಡಿದಿರುವುದು ಅದೇ ಬೆರಳು. ನಾಲ್ಕರಿಂದ ಮೂರಕ್ಕೆ ಇಳಿಸಬೇಕೆಂದರೆ ಅದೇ ಬೆರಳು ಮೇಲೆ ಹತ್ತಬೇಕು. ಬ್ರೇಕ್ ಬಿಟ್ಟು ಕ್ಲಚ್ಚಿಗೆ ಹೋದರೆ ಕಾರು ಬೇಲಿಗೆ, ಕ್ಲಚ್ ಬಿಟ್ಟು ಬರೀ ಎಕ್ಸ್ ಒತ್ತಿದರೆ ಗೇರ್‌ಬಾಕ್ಸಿನಿಂದ ಗರ್ರ್ ಅನ್ನುವ ಸದ್ದು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಟ್ರಿಗರ್ ಮೇಲೆ ಮಧ್ಯದ ಬೆರಳು, ಬಂಪರ್ ಮೇಲೆ ತೋರುಬೆರಳು. ಮಾಡಬಹುದು, ನಾನೂ ತಿಂಗಳುಗಟ್ಟಲೆ ಮಾಡಿದೆ. ಆದರೆ ಆಗ ಕಂಟ್ರೋಲರಿನ ಎಡಭಾಗದ ಭಾರ ಪೂರ್ತಿ ಉಂಗುರ ಬೆರಳು, ಕಿರುಬೆರಳಿನ ಮೇಲೆ ಬೀಳುತ್ತದೆ. ಅರ್ಧ ಗಂಟೆ ಆಡಿದರೆ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ. ದಿನವಿಡೀ ಕೀಬೋರ್ಡ್ ಕುಟ್ಟುವ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

ದಿನಾ ಮ್ಯಾನ್ಯುಯಲ್ ಕಾರು ಓಡಿಸುವವರಿಗೆ ಇದು ಸಲೀಸು ಅನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ನಂಬಬೇಡಿ. ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ, ಸಿಲ್ಕ್ ಬೋರ್ಡಿನಲ್ಲಿ ಹಾಫ್ ಕ್ಲಚ್ಚಿನಲ್ಲೇ ಜೀವ ಸವೆಸುವ ನನ್ನ ಎಡಗಾಲಿನ ಅನುಭವ ಇಲ್ಲಿ ನಯಾಪೈಸೆ ಉಪಯೋಗಕ್ಕೆ ಬರಲಿಲ್ಲ. ಕಾರಿನ ಕ್ಲಚ್ಚಿನಲ್ಲಿ ಕಚ್ಚಿಕೊಳ್ಳುವ ಒಂದು ಜಾಗ ಇರುತ್ತದೆ, ಅದನ್ನು ಪಾದ ಹುಡುಕಿಕೊಳ್ಳುತ್ತದೆ. ಬಟನ್ನಿಗೆ ಅಂಥ ಜಾಗವೇ ಇಲ್ಲ, ಒತ್ತಿದೆ ಅಥವಾ ಬಿಟ್ಟಿದೆ, ಅಷ್ಟೇ. ಹಾಫ್ ಕ್ಲಚ್ ಇಲ್ಲ, ನ್ಯೂಟ್ರಲ್ ಇಲ್ಲ, ಎಂಜಿನ್ ಆಫ್ ಆಗುವುದೂ ಇಲ್ಲ. ಇನ್ನೊಂದು ತಮಾಷೆ ನೋಡಿ. ನಿಸಾನ್ ಜಿಟಿ-ಆರ್ ಆರ್35 ಡ್ಯುಯಲ್ ಕ್ಲಚ್ ಗಾಡಿ, ಕ್ಲಚ್ ಕೆಲಸ ಅದೇ ಮಾಡಿಕೊಳ್ಳುತ್ತದೆ, ನಿಜವಾದ ಕಾರಿನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ. ಆಟದಲ್ಲಿ ಮಾತ್ರ ಅದಕ್ಕೂ ಕ್ಲಚ್ ಒತ್ತಬೇಕು! ನೈಜತೆಗಾಗಿ ಈ ಮೋಡ್ ಹಾಕಿಕೊಂಡೆ ಅನ್ನುವವರನ್ನು ಕಂಡರೆ ನನಗೆ ನಗು ಬರುವುದು ಇದಕ್ಕೇ.

ಹಾಗಾದರೆ ಯಾಕೆ ಈ ಗೋಳು? ನನ್ನ ಹೆಂಡತಿಯ ತಮ್ಮ ಭಾನುವಾರ ಬಂದಾಗೆಲ್ಲ ಕೇಳುವುದು ಇದನ್ನೇ. "ಭಾವ, ಸುಮ್ನೆ ಆಟೊಮ್ಯಾಟಿಕ್ ಹಾಕ್ಕೊಳ್ಳಿ. ಆಫೀಸಿಂದ ಬಂದ್ಮೇಲೂ ಕ್ಲಚ್ಚೇನಾ?"

ಅವನಿಗೆ ಕೊಡುವ ಉತ್ತರ ವೇಗದ್ದು. ಬರೀ ಮ್ಯಾನ್ಯುಯಲ್ ಇಟ್ಟರೆ ಕ್ಲಚ್ ಕೆಲಸ ಆಟವೇ ಮಾಡುತ್ತದೆ, ಗೇರ್ ಬದಲಾಗುವಷ್ಟು ಹೊತ್ತು ಆಕ್ಸಿಲರೇಟರನ್ನೂ ತಾನೇ ಸಡಿಲಿಸುತ್ತದೆ. ಕ್ಲಚ್ ನಿಮ್ಮ ಕೈಗೆ ಬಂದರೆ ಬಲ ಟ್ರಿಗರನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ, ಕ್ಲಚ್ಚನ್ನು ಕೂದಲೆಳೆಯಷ್ಟು ಮುಂಚೆ, ಗೇರನ್ನು ಅದರ ಬೆನ್ನಿಗೇ ಒತ್ತಿಬಿಡಬಹುದು. ಟರ್ಬೊ ಕಾರಿನಲ್ಲಿ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ, ಬೀಳುವುದಿಲ್ಲ, ವೇಗ ಮುರಿಯುವುದಿಲ್ಲ. ಕ್ಲಚ್ಚನ್ನು ಒಂದು ಗಳಿಗೆ ಜಾಸ್ತಿ ಹಿಡಿದರೆ ಮಾತ್ರ ಎಂಜಿನ್ ತನ್ನ ವೇಗದ ಮಿತಿಗೆ (ಲಿಮಿಟರಿಗೆ) ಹೊಡೆದು ಅರಚುತ್ತದೆ, ಲಾಭವೆಲ್ಲ ಅಲ್ಲೇ ಹೋಗುತ್ತದೆ. ಕಷ್ಟದ ಮೋಡ್ ಅಂತ ರೇಸಿನ ಕೊನೆಗೆ ಸಿಗುವ ಕ್ರೆಡಿಟ್ ಬೋನಸ್ಸೂ ಸ್ವಲ್ಪ ಹೆಚ್ಚು. ಆ ದುಡ್ಡಿಗಾಗಿ ಯಾರೂ ಇದನ್ನು ಕಲಿಯುವುದು ಬೇಡ.

ನಿಜವಾಗಿ ನನ್ನ ಮನಸ್ಸು ತಿರುಗಿದ್ದು ಬಂಪರ್ ಕೆಟ್ಟ ದಿನ. ಕಂಟ್ರೋಲರ್ ಯಾವ ಕಂಪನಿಯದು ಅನ್ನುವುದು ಬೇಡ, ಆ ಬಟನ್ನಿಗೆ ನಾನು ಕೊಟ್ಟ ಏಟಿಗೆ ಯಾವುದಾದರೂ ಸೋಲುತ್ತಿತ್ತು. ಒತ್ತಿದರೆ ಟಕ್ ಅನ್ನುತ್ತಿದ್ದದ್ದು ಮೆತ್ತಗಾಯಿತು, ಆಮೇಲೆ ಒತ್ತಿದರೂ ಒಮ್ಮೊಮ್ಮೆ ಕೇಳಿಸಿಕೊಳ್ಳದಾಯಿತು. ಎಸ್.ಪಿ. ರೋಡಿನಲ್ಲಿ ರಿಪೇರಿ ಮಾಡುವವರೊಬ್ಬರು ಬಿಚ್ಚಿ, ಒಳಗಿನ ಪುಟಾಣಿ ಸ್ವಿಚ್ಚನ್ನು ಚಿಮಟದಲ್ಲಿ ಎತ್ತಿ ತೋರಿಸಿ, "ಒಂದೇ ಕಡೆ ಇಷ್ಟೊಂದು ಒತ್ತೀರಲ್ಲಾ ಸಾರ್, ಏನ್ ಗೇಮು ಇದು?" ಅಂದರು. ಬಹುತೇಕ ಕಂಟ್ರೋಲರ್‌ಗಳಲ್ಲಿ ಬಂಪರಿನ ಕೆಳಗೆ ಇರುವುದು ಈ ಕ್ಲಿಕ್ ಸ್ವಿಚ್ಚು. ಎ, ಬಿ, ಎಕ್ಸ್, ವೈ ಕೆಳಗೆ ಇರುವುದು ಟಿವಿ ರಿಮೋಟಿನಲ್ಲಿ ಇರುವಂಥ ರಬ್ಬರು.

ಸ್ವಿಚ್ ಬದಲಾಗಿ ಬಂದರೂ ಅದನ್ನು ಮತ್ತೆ ಕೊಲ್ಲಲು ಮನಸ್ಸಾಗಲಿಲ್ಲ. ಕಂಟ್ರೋಲ್ಸ್ ಮೆನುವಿಗೆ ಹೋಗಿ ಕ್ಲಚ್ಚನ್ನು ಎ ಬಟನ್ನಿಗೆ ತಂದೆ, ಹ್ಯಾಂಡ್‌ಬ್ರೇಕನ್ನು ಎಲ್‌ಬಿಗೆ ಕಳಿಸಿದೆ. ಈಗ ಕ್ಲಚ್, ಗೇರ್ ಎರಡೂ ಬಲ ಹೆಬ್ಬೆರಳಿನ ಸುಪರ್ದಿಗೆ ಬಂದವು. ಎಡ ತೋರುಬೆರಳು ಬ್ರೇಕಿನ ಮೇಲೆ ನೆಮ್ಮದಿಯಾಗಿ ಕೂತಿತು.

ಕೇಳುವುದಕ್ಕೆ ಇನ್ನೂ ಕಷ್ಟ ಅನಿಸುತ್ತದೆ, ಒಂದೇ ಬೆರಳಲ್ಲಿ ಎರಡು ಬಟನ್ ಹೇಗೆ ಅಂತ. ಹೆಬ್ಬೆರಳಿನ ಆಕಾರವೇ ಇದಕ್ಕೆ ಹೊಂದುತ್ತದೆ. ಗೇರ್ ಇಳಿಸುವಾಗ ಬೆರಳನ್ನು ಓರೆಯಾಗಿ ಮಲಗಿಸಬೇಕು: ಗಿಣ್ಣಿನ ಕೆಳಗಿನ ಮಾಂಸ ಎ ಮೇಲೆ, ತುದಿ ಎಕ್ಸ್ ಮೇಲೆ. ಮೊದಲು ಬುಡ ಒತ್ತುತ್ತದೆ, ಹಿಂದೆಯೇ ತುದಿ ಬೀಳುತ್ತದೆ. ಗೇರ್ ಏರಿಸುವಾಗ ಬೆರಳ ತುದಿಯನ್ನು ಎ ಮತ್ತು ಬಿ ನಡುವಿನ ತಗ್ಗಿನಲ್ಲಿ ಇಟ್ಟು, ಎಡ ಅಂಚಿನಿಂದ ಬಲ ಅಂಚಿಗೆ ಹೊರಳಿಸಬೇಕು. ಒತ್ತುವ ಕೆಲಸವೇ ಅಲ್ಲ ಅದು, ತಬಲಾದ ಮೇಲೆ ಬೆರಳು ಉರುಳಿಸಿದ ಹಾಗೆ. ಒಂದೆರಡು ವಾರ ಎಡವಟ್ಟಾಗುತ್ತದೆ. ತುದಿ ಜಾರಿ ವೈ ಮೇಲೆ ಬಿದ್ದರೆ ರಿವೈಂಡ್ ಆಗಿ ಕಾರು ಹಿಂದಕ್ಕೆ ಓಡುತ್ತದೆ. ಡಿಫಿಕಲ್ಟಿಯಲ್ಲಿ ರಿವೈಂಡ್ ಆಫ್ ಮಾಡಿಟ್ಟರೆ ಆ ಕಾಟ ತಪ್ಪುತ್ತದೆ. ಹೆಬ್ಬೆರಳು ಇಲ್ಲಿ ದುಡಿಯುವಾಗ ಬಲ ಸ್ಟಿಕ್ ತಿರುಗಿಸಿ ಅಕ್ಕಪಕ್ಕ ನೋಡುವುದು ಆಗುವುದಿಲ್ಲ. ನಾನು ಹೇಗೂ ನೋಡುತ್ತಿರಲಿಲ್ಲ.

ಇದರಿಂದ ಬಂದ ಒಂದು ಅನಿರೀಕ್ಷಿತ ಸುಖ ಹೇಳಲೇಬೇಕು. ನಾನು ಆಡುವುದು ರಾತ್ರಿ ಊಟ ಆದ ಮೇಲೆ, ಹಾಲ್‌ನಲ್ಲಿ, ಹೆಡ್‌ಫೋನ್ ಹಾಕಿಕೊಂಡು. ಪಕ್ಕದ ರೂಮಿನಲ್ಲಿ ಅಮ್ಮ ಮಲಗಿರುತ್ತಾರೆ. ಬಂಪರ್ ಕಾಲದಲ್ಲಿ ದಿನಾ ಒಂದು ಸಲ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಏನೋ ಅದು, ಇಷ್ಟು ಹೊತ್ನಲ್ಲಿ ಟಕಟಕ ಅಂತ?" ರಬ್ಬರಿನ ಎ ಬಟನ್ ಸದ್ದೇ ಮಾಡುವುದಿಲ್ಲ. ಪ್ರಶ್ನೆ ನಿಂತಿತು.

ಆಡಲು ಕೂತ ಕೂಡಲೇ ರೇಸಿಗೆ ಹೋಗುವುದಿಲ್ಲ. ಹಳೆಯ ಮಾಜ್ದಾ ಮಿಯಾಟಾ ತೆಗೆದುಕೊಂಡು ಗ್ವಾನಹ್ವಾಟೊ ಊರಿನ ಗಲ್ಲಿಗಳಲ್ಲಿ ಎರಡು, ಮೂರು, ಎರಡು ಅಂತ ಬೆರಳು ಬಿಸಿ ಮಾಡಿಕೊಂಡು, ಗ್ರಾನ್ ಕಾಲ್ಡೆರಾ ಜ್ವಾಲಾಮುಖಿಯ ಸುತ್ತುದಾರಿ ಹತ್ತುತ್ತೇನೆ. ಪರದೆಯ ಮೂಲೆಯಲ್ಲಿ ಆರ್‌ಪಿಎಂ ಮುಳ್ಳು ಓಡುತ್ತಿರುತ್ತದೆ. ಅದನ್ನು ನೋಡದೆ ಗೇರ್ ಹಾಕುವುದು ನನ್ನ ಪಾಠ. ಕಿವಿ ಬೇಗ ಕಲಿಯುತ್ತದೆ. ಪುಟ್ಟ ಮಿನಿ ಕೂಪರ್ ಗೋಗರೆಯುತ್ತದೆ, ಸಾಕು ಬಿಡು ಅಂತ. ದೊಡ್ಡ ವಿ8 ಎಂಜಿನ್ನುಗಳ ಗುಡುಗು ಒಂದು ಹಂತದ ಮೇಲೆ ಚಪ್ಪಟೆಯಾಗುತ್ತದೆ, ಅದೇ ಸೂಚನೆ. ಮೋಸ ಮಾಡುವುದು ಮಾಜ್ದಾದ ಆರ್‌ಎಕ್ಸ್-7. ಅದರ ರೋಟರಿ ಎಂಜಿನ್ ಎಷ್ಟು ನುಣುಪಾಗಿ ಏರುತ್ತದೆಂದರೆ ಕೊನೆ ಬಂದದ್ದೇ ತಿಳಿಯುವುದಿಲ್ಲ. ನಿಜವಾದ ಆರ್‌ಎಕ್ಸ್-7ನಲ್ಲಿ ಅದಕ್ಕೇ ಒಂದು ಬಜರ್ ಇಟ್ಟಿದ್ದರು, ಆರ್‌ಪಿಎಂ ಮಿತಿ ಹತ್ತಿರ ಬಂದಾಗ ಕೂಗಲಿ ಅಂತ. ಆಟೊಮ್ಯಾಟಿಕ್‌ನಲ್ಲಿ ಇದೇ ಕಾರುಗಳನ್ನು ಎಷ್ಟೋ ಓಡಿಸಿದ್ದೆ, ಒಂದರ ದನಿಯೂ ನೆನಪಿರಲಿಲ್ಲ.

ಕ್ಲಚ್ ಕಿಕ್ ಬಗ್ಗೆ ಒಂದು ಮಾತು. ತಿರುವಿನೊಳಗೆ ಆಕ್ಸಿಲರೇಟರ್ ಬಿಡದೆ ಕ್ಲಚ್ ಒತ್ತಿ ತಟ್ಟನೆ ಬಿಟ್ಟರೆ, ಮೇಲೇರಿದ ಎಂಜಿನ್ ಒಮ್ಮೆಲೇ ಹಿಂದಿನ ಚಕ್ರಗಳನ್ನು ಒದ್ದು ಜಾರಿಸುತ್ತದೆ. ಡ್ರಿಫ್ಟ್ ಮಾಡುವವರು ನಿಜವಾದ ಕಾರಿನಲ್ಲಿ ಮಾಡುವುದೂ ಇದನ್ನೇ. ಬಟನ್ ಕ್ಲಚ್ಚು ನಿಜವಾದ ಕ್ಲಚ್ಚಿನಂತೆ ನಡೆದುಕೊಳ್ಳುವ ಜಾಗ ನನಗೆ ಸಿಕ್ಕಿದ್ದು ಇದೊಂದೇ, ಯಾಕೆಂದರೆ ಇಲ್ಲಿ ಹಾಫ್ ಬೇಕಾಗಿಯೇ ಇಲ್ಲ.

ಹಾಫ್ ಕ್ಲಚ್ಚೇ ಬೇಕು ಅನ್ನುವವರು ಇನ್ನೊಂದು ಕಾರ್ ಆಟ ಬೀಮ್‌ಎನ್‌ಜಿ ನೋಡಿ. ಅದರಲ್ಲಿ ಕ್ಲಚ್ಚನ್ನು ಟ್ರಿಗರಿಗೇ ಕೊಡಬಹುದು, ಸ್ವಲ್ಪ ಸ್ವಲ್ಪವಾಗಿ ಬಿಡಬಹುದು. ಗೇರ್‌ಬಾಕ್ಸನ್ನು ರಿಯಲಿಸ್ಟಿಕ್‌ಗೆ ಹಾಕಿದರೆ ಏರಿನಲ್ಲಿ ಎಂಜಿನ್ ಆಫ್ ಆಗಿ ಗಾಡಿ ಹಿಂದಕ್ಕೆ ಬರುತ್ತದೆ, ಡ್ರೈವಿಂಗ್ ಸ್ಕೂಲಿನ ದಿನಗಳು ನೆನಪಾಗುತ್ತವೆ. ಆದರೆ ಎಡ ಟ್ರಿಗರ್ ಕ್ಲಚ್ಚಿಗೆ ಹೋದ ಮೇಲೆ ಬ್ರೇಕನ್ನು ಎಲ್ಲಿಡುವುದು? ನಾನು ಬಟನ್ನಿಗೆ ಹಾಕಿ ನೋಡಿದೆ. ಒತ್ತಿದರೆ ಪೂರ್ತಿ ಬ್ರೇಕು, ಚಕ್ರ ಲಾಕು. ವಾಪಸ್ ಬಂದೆ.

ಹಿಂಬದಿಯಲ್ಲಿ ಹೆಚ್ಚುವರಿ ಬಟನ್ ಇರುವ ಕಂಟ್ರೋಲರ್‌ಗಳು ಈಗ ಕೈಗೆಟುಕುವ ಬೆಲೆಗೂ ಬಂದಿವೆ. ಕ್ಲಚ್ಚನ್ನು ಅಲ್ಲಿಗೆ ಕೊಟ್ಟರೆ ಈ ಹೊರಳಾಟ ಬೇಕಿಲ್ಲ. ಹೊಸದು ಕೊಳ್ಳುವವರಾದರೆ ಅದನ್ನೇ ಕೊಳ್ಳಿ. ಕೈಯಲ್ಲಿರುವುದು ಚೆನ್ನಾಗಿದ್ದರೆ ಇದೊಂದಕ್ಕಾಗಿ ದುಡ್ಡು ಹಾಕಬೇಡಿ. ಒಂದೇ ಬಟನ್ನಿಗೆ ಕ್ಲಚ್, ಗೇರ್ ಎರಡನ್ನೂ ಮ್ಯಾಕ್ರೋ ಮಾಡಿ ಕೂರಿಸುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಆಟೊಮ್ಯಾಟಿಕ್ ಏನು ಪಾಪ ಮಾಡಿತ್ತು?

ಶುರು ಮಾಡುವವರು ಕಡಿಮೆ ಶಕ್ತಿಯ, ಐದು ಗೇರಿನ ಕಾರು ಹಿಡಿಯಿರಿ. ಅಪ್‌ಗ್ರೇಡ್‌ನಲ್ಲಿ ಹತ್ತು ಗೇರಿನ ರೇಸ್ ಗೇರ್‌ಬಾಕ್ಸ್ ಆಸೆ ತೋರಿಸುತ್ತದೆ, ಹಾಕಿಸಬೇಡಿ, ಬೆರಳಿಗೆ ಬಿಡುವೇ ಇರುವುದಿಲ್ಲ. ಟ್ಯೂನಿಂಗ್‌ನಲ್ಲಿ ಫೈನಲ್ ಡ್ರೈವನ್ನು (ಎಲ್ಲ ಗೇರಿಗೂ ಅನ್ವಯಿಸುವ ಕೊನೆಯ ಅನುಪಾತ) ಸ್ಪೀಡ್ ಕಡೆಗೆ ತುಸು ಸರಿಸಿದರೆ ಗೇರುಗಳು ಉದ್ದವಾಗಿ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕ್ಲಚ್ ಎಗೆ ಬಂದ ಮೇಲಿನ ಲೆಕ್ಕ ಇದು; ಬಂಪರಿನಲ್ಲೇ ಇದ್ದಿದ್ದರೆ ಎರಡು. ಇನ್ನು ಗೋಲಯತ್ ರೇಸಿನಲ್ಲಿ ನಮ್ಮ ಮನೆಯ ಬೆಸ್ಟ್ ಟೈಮ್ ಈಗಲೂ ಬಾಮೈದನ ಹೆಸರಿನಲ್ಲೇ ಇದೆ, ಆಟೊಮ್ಯಾಟಿಕ್‌ನಲ್ಲಿ ಓಡಿಸಿದ್ದು.