ಕ್ಯಾಲ್ಸಿಯಂ ನೈಟ್ರೇಟ್: ಗೊಬ್ಬರ ಚೊಲೋ, ತಪ್ಪು ನಂದು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಎರಡು ಎಕರೆ ದ್ರಾಕ್ಷಿ, ಎರೆ ಮಣ್ಣು. ಈ ಸಲ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಕ್ಯಾಲ್ಸಿಯಂ ನೈಟ್ರೇಟ್ ತಂದು ಡ್ರಿಪ್‌ನಲ್ಲಿ ಬಿಟ್ಟೆ. 25 ಕೆಜಿಯ ಎರಡು ಚೀಲ.

ಬಿಳಿ ಕಾಳು. ನೀರಿಗೆ ಹಾಕಿದರೆ ತಳದಲ್ಲಿ ಏನೂ ಉಳಿಯುವುದಿಲ್ಲ. ಕಲಕುವಾಗ ಬಕೆಟ್ ಮುಟ್ಟಿ ನೋಡಿ, ಮಣ್ಣಿನ ಕೊಡದ ಹಾಗೆ ತಣ್ಣಗಾಗಿರುತ್ತದೆ. ಚೀಲದ ಮೇಲೆ ಸಾರಜನಕ ಶೇ. 15.5 ಅಂತಿತ್ತು. ಯೂರಿಯಾದಲ್ಲಿ 46 ಇರುವಾಗ ಇದೇನು ಇಷ್ಟು ಕಡಿಮೆ ಅಂತ ನನಗೂ ಅನ್ನಿಸಿತ್ತು. ಆದರೆ ಯೂರಿಯಾ ಮೊದಲು ಅಮೋನಿಯಾ ಆಗಬೇಕು, ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡಬೇಕು. ನಮ್ಮಂಥ ಸುಣ್ಣದ ನೆಲದಲ್ಲಿ ಮೇಲೆ ಚೆಲ್ಲಿದ ಯೂರಿಯಾ ಒಂದಿಷ್ಟು ಗಾಳಿಗೇ ಹೋಗುತ್ತದೆ. ಇದರಲ್ಲಿ ಬಹುಪಾಲು ನೈಟ್ರೇಟೇ ಇದೆ, ಬೇರು ಹಾಗೇ ಎಳೆದುಕೊಳ್ಳುತ್ತದೆ. ವಾರದೊಳಗೆ ಚಿಗುರಿನ ಬಣ್ಣ ತಿರುಗಿತು.

ಕ್ಯಾಲ್ಸಿಯಂ 18.8 ಅನ್ನುವುದಕ್ಕೆ ಮಾತ್ರ ನಾನು ಜಾಸ್ತಿ ದುಡ್ಡು ಕೊಡಲ್ಲ. ನಮ್ಮ ತೋಟದಲ್ಲಿ ಒಂದು ಮೊಳ ಅಗೆದರೆ ಸುಣ್ಣದ ಹರಳು ಸಿಗುತ್ತವೆ. ಸುಣ್ಣದ ಭಟ್ಟಿಗೆ ಸುಣ್ಣ ಒಯ್ದ ಹಾಗೆ, ಅಲ್ವಾ?

ಇನ್ನು ನನ್ನ ಪೆದ್ದತನ. ಎರಡನೇ ಸಲ ಅದೇ ಟ್ಯಾಂಕಿಗೆ 0:0:50 ಅನ್ನೋ ಗೊಬ್ಬರ ಕೂಡ ಸುರಿದೆ. ಅಂಗಡಿ ಹುಡುಗನನ್ನು ಕೇಳಿಯೇ ಇದ್ದೆ. "ಏನೂ ಆಗಂಗಿಲ್ರಿ ಕಾಕಾ, ಎರಡೂ ಕರಗತಾವ" ಅಂದ. ಕರಗುತ್ತವೆ, ಬೇರೆ ಬೇರೆ ಇದ್ದರೆ! ಐದು ನಿಮಿಷದಲ್ಲಿ ಟ್ಯಾಂಕಿನ ನೀರು ಮಜ್ಜಿಗೆ. 0:0:50 ಅಂದರೆ ಪೊಟ್ಯಾಶಿಯಂ ಸಲ್ಫೇಟ್. ಅದರ ಸಲ್ಫೇಟು, ಇದರ ಕ್ಯಾಲ್ಸಿಯಂ ಕೂಡಿ ಜಿಪ್ಸಂ ಆಗಿತ್ತು. ನಾನು ಕರಗಿಲ್ಲ ಅಂದುಕೊಂಡು ಇನ್ನಷ್ಟು ಕಲಕಿ ಬಿಟ್ಟೆ. ಮೂರು ದಿನಕ್ಕೆ ಸಾಲಿನ ಕೊನೆಯ ಡ್ರಿಪ್ಪರ್‌ಗಳೆಲ್ಲ ಬಂದ್. ಆಸಿಡ್ ಬಿಟ್ಟೆ. ಬೋರ್ ನೀರಿನ ಸುಣ್ಣಕ್ಕಾದರೆ ಆಸಿಡ್ ನಡೆಯುತ್ತದೆ, ಜಿಪ್ಸಂ ಜಗ್ಗಲಿಲ್ಲ. ಪೈಪಿನ ತುದಿ ಬಿಚ್ಚಿ ಎರಡು ದಿನ ಸುಮ್ನೆ ನೀರು ಹರಿಸಿದೆವು. ಆದರೂ ನಾಲ್ಕು ಸಾಲಿನ ಪೈಪ್ ಹೊಸದು ಹಾಕಬೇಕಾಯಿತು. 12:61:0 ಥರದ ರಂಜಕದ ಗೊಬ್ಬರವನ್ನೂ ಇದರ ಜೊತೆ ಸೇರಿಸಬೇಡಿ, ಅದೂ ಗಟ್ಟಿಯಾಗಿ ಕೂರುತ್ತದೆ. ಒಂದೆರಡು ದಿನ ಬಿಟ್ಟು ಬೇರೆಯಾಗಿ ಕೊಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಸಲವೂ ತರುತ್ತೇನೆ, ಆದರೆ ಬೇಕಾದಷ್ಟೇ. ಗಾಳಿಯ ತೇವವನ್ನೇ ಹೀರುವ ಮಾಲು ಇದು. ಬಾಯಿ ಕಟ್ಟದೆ ಇಟ್ಟ ಅರ್ಧ ಚೀಲ ಶೆಡ್ಡಿನಲ್ಲಿ ಬೆಲ್ಲದ ಪಾಕದ ಹಾಗೆ ಕೂತಿದೆ.